ಹಲ್ಲಕ್ಕನ ಪಹರೆ

ಕೆಲಸ ಕೊಡುವವರಿಗೆಲ್ಲ ಒಂದು ರೋಗವಿದೆ. ಎದುರಿಗೆ ಕೂತ ಹೆಂಗಸಿನ ಕೈಯಲ್ಲಿ ಏನು ಕಸುಬಿದೆ ಎಂದು ಕೇಳುವ ಮೊದಲೇ ಅವಳ ಗಂಡನ ಕೈಯಲ್ಲಿ ಏನಿದೆ ಎಂದು ಕೇಳುತ್ತಾರೆ. ಬಂದೂಕು ಅಂದರೆ ಮುಗಿಯಿತು. ‘ಓಹೋ, ಸೇನೆಯಲ್ಲಿದ್ದಾರಾ! ಹೆಮ್ಮೆಯ ವಿಷಯ’ ಎಂದು ಒಂದು ನಿಮಿಷ ಕುರ್ಚಿಯಲ್ಲಿ ನೆಟ್ಟಗೆ ಕೂರುತ್ತಾರೆ. ಎರಡನೇ ನಿಮಿಷಕ್ಕೆ ಪೆನ್ನಿನ ಮುಚ್ಚಳ ಹಾಕುತ್ತಾರೆ. ಅವರ ಹೆಮ್ಮೆ ಇಟ್ಟುಕೊಂಡು ಇವಳೇನು ಒಲೆ ಹಚ್ಚಬೇಕೆ?

ಆ ಮುಚ್ಚಳದ ‘ಟಕ್’ ಸದ್ದನ್ನು ಹಲ್ಲಕ್ಕ ಹತ್ತು ವರ್ಷದಲ್ಲಿ ಐದು ಊರುಗಳಲ್ಲಿ ಕೇಳಿದ್ದಳು. ಹಲ್ಲಕ್ಕ ಎನ್ನುವುದು ಹೆತ್ತವರು ಇಟ್ಟ ಹೆಸರಲ್ಲ, ಕ್ವಾರ್ಟರ್ಸಿನ ಹೆಂಗಸರು ಇಟ್ಟದ್ದು. ಅವಳದು ಹಲ್ಲು ಕಟ್ಟುವ ಕಸುಬು. ದಂತವೈದ್ಯರು ಬೊಚ್ಚುಬಾಯಿಯ ಅಚ್ಚು ತೆಗೆದು ಲ್ಯಾಬಿಗೆ ಕಳಿಸುತ್ತಾರೆ. ಅಲ್ಲಿ ಪ್ಲಾಸ್ಟರ್ ಹುಯ್ದು ಒಸಡಿನ ಮಾದರಿ ಮಾಡುತ್ತಾರೆ. ಅದರ ಮೇಲೆ ಮೇಣದ ದಿಂಡು ಕಟ್ಟಿ, ಸ್ಪಿರಿಟ್ ದೀಪದಲ್ಲಿ ಚಾಕು ಕಾಯಿಸಿಕೊಂಡು, ಇಪ್ಪತ್ತೆಂಟು ಹಲ್ಲುಗಳನ್ನು ಒಂದೊಂದಾಗಿ ಕೂರಿಸುವವಳು ಹಲ್ಲಕ್ಕ. ಬಾಯಲ್ಲಿಟ್ಟು ಸರಿ ಎನಿಸಿದ ಮೇಲೆ ಮೇಣ ಕರಗಿಸಿ ತೆಗೆದು, ಅದರ ಜಾಗದಲ್ಲಿ ಗಟ್ಟಿ ಒಸಡು ಎರೆಯುತ್ತಾರೆ. ಕೂದಲೆಳೆಯಷ್ಟು ಓರೆಯಾದರೂ ಉಣ್ಣುವಾಗ ಒಸಡು ಕೊರೆಯುತ್ತದೆ, ಮಾತಾಡುವಾಗ ಶಿಳ್ಳೆ ಬರುತ್ತದೆ. ಮೇಣ ಆರುವಷ್ಟರಲ್ಲಿ ಆ ಓರೆಯನ್ನು ಬೆರಳೇ ಹೇಳಬೇಕು, ಕಣ್ಣಿಗೆ ಅದು ಕಾಣುವುದಿಲ್ಲ.

ಆದರೆ ಬೆರಳಿಗೂ ಒಂದು ಜಾಗ ಬೇಕಲ್ಲ. ಒಂದೂರಿನಲ್ಲಿ ಎಂಟು ತಿಂಗಳು ಕೆಲಸ, ಇನ್ನೊಂದರಲ್ಲಿ ಒಂದೂವರೆ ವರ್ಷ. ಕೊನೆಯ ಊರಿನಲ್ಲಂತೂ ಎರಡು ವರ್ಷ ಪೂರ್ತಿ ಬರೀ ‘ಹೆಮ್ಮೆಯ ವಿಷಯ.’ ಮೇಣದ ಚಾಕು ಟ್ರಂಕಿನಲ್ಲೇ ತುಕ್ಕು ಹಿಡಿಯಿತು. ಕೂತ ಕಸುಬು ಕೆಟ್ಟಿತು ಎನ್ನುವುದು ಅವಳಿಗೆ ಗೊತ್ತಿತ್ತು. ಈ ಆರನೇ ಊರಿನಲ್ಲಿ ಇದ್ದದ್ದು ಒಂದೇ ಒಂದು ಹಲ್ಲಿನ ಲ್ಯಾಬು. ಇಲ್ಲೂ ಬಾಗಿಲು ಹಾಕಿದರೆ ಬೆರಳು ಮರೆತೇಬಿಡುತ್ತದೆ ಎಂದು ಅವಳಿಗೆ ನಿಜವಾಗಿ ಭಯವಾಗಿತ್ತು.

ಪಕ್ಕದ ಮನೆಯಾಕೆ ಉಪಾಯ ಹೇಳಿಕೊಟ್ಟಳು. ‘ಗಂಡನದು ಸಾಗಣೆ ವ್ಯವಹಾರ ಅಂದುಬಿಡು. ಸುಳ್ಳೇನಲ್ಲ, ಎರಡು ವರ್ಷಕ್ಕೊಂದ್ಸಲ ನಮ್ಮನ್ನ ಸಾಗಿಸ್ತಾನೇ ಇರ್ತಾರಲ್ಲ!’

‘ಸಂಬಳ ಕೈಗೆ ಬರೋವರೆಗೆ ಬಾಯಿಗೆ ಬೀಗ ಹಾಕ್ಕೋ’ ಎಂದು ಅತ್ತೆಯೂ ಹೇಳಿದರು.

ಅತ್ತೆಯ ವಿಷಯ ಹೇಳಲೇಬೇಕು. ಗಂಡ ತೀರಿಕೊಂಡ ಮೇಲೆ ಮಗನ ಜೊತೆ ಊರೂರು ಸುತ್ತುವ ಹೆಂಗಸು. ಬಾಯಿ ಜೋರು. ಆ ಬಾಯಲ್ಲಿದ್ದ ಎರಡು ಸಾಲು ಹಲ್ಲನ್ನೂ ಕಟ್ಟಿದವಳು ಹಲ್ಲಕ್ಕನೇ. ‘ಅವಳು ಕೊಟ್ಟ ಹಲ್ಲಲ್ಲೇ ಅವಳನ್ನ ಕಡಿದು ತಿಂತೀನಿ, ನನ್ನಂಥ ಅತ್ತೆ ಇನ್ನೆಲ್ಲಿದ್ದಾಳೆ?’ ಎಂದು ಹೋದಲ್ಲೆಲ್ಲ ಹೇಳಿಕೊಂಡು ನಗುತ್ತಿದ್ದರು. ಆ ಸೆಟ್ ಕಟ್ಟುವಾಗ ಹಲ್ಲಕ್ಕ ಒಂದು ಪರೀಕ್ಷೆ ಕಂಡುಹಿಡಿದಿದ್ದಳು. ಮೇಲಿನ ಮುಂಹಲ್ಲು ಸರಿಯಾಗಿ ಕೂತಿದೆಯೋ ಇಲ್ಲವೋ ತಿಳಿಯಬೇಕಾದರೆ ‘ಸೊಸೆ’ ಅನ್ನಿಸಬೇಕು. ಹಲ್ಲು ತಪ್ಪಿ ಕೂತರೆ ‘ಶೊಶೆ’ ಎಂದು ಬರುತ್ತದೆ. ಆಗ ಅತ್ತೆಯಿಂದ ನಲವತ್ತು ಸಲ ಸೊಸೆ ಸೊಸೆ ಅನ್ನಿಸಿದ್ದಳಂತೆ. ಅಷ್ಟು ಸಲ ಸೊಸೆಯ ಜಪ ಮಾಡಿದ ಅತ್ತೆ ಲೋಕದಲ್ಲೇ ಇರಲಿಕ್ಕಿಲ್ಲ.

ಲ್ಯಾಬು ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ, ಕನ್ನಡಕದಂಗಡಿಯ ಮಾಳಿಗೆಯ ಮೇಲಿತ್ತು. ಮೆಟ್ಟಿಲೇ ಬಿಳಿ ಬಿಳಿ, ಎಲ್ಲ ಪ್ಲಾಸ್ಟರ್ ಪುಡಿ. ಒಳಗೆ ಮೂರು ಬೆಂಚು. ಒಂದರಲ್ಲಿ ಮಾಲೀಕರು, ಒಂದರಲ್ಲಿ ಅಚ್ಚು ಹುಯ್ಯುವ ಪ್ಲಾಸ್ಟರಣ್ಣ. ಕಿಟಕಿಯ ಪಕ್ಕದ್ದು ಖಾಲಿ. ಅದರ ಮೇಲೆ ಹಲ್ಲಿನ ಅಚ್ಚುಗಳು ಟ್ರೇಗಟ್ಟಲೆ ಧೂಳು ತಿನ್ನುತ್ತಿದ್ದವು. ಆ ಬೆಂಚು ನೋಡಿದ್ದೇ ಹಲ್ಲಕ್ಕನ ಎದೆ ಹೊಡೆದುಕೊಂಡಿತು. ಎಡಗಡೆಯಿಂದ ಬೆಳಕು, ಬಲಗೈಗೆ ದೀಪ. ಹೇಳಿ ಮಾಡಿಸಿದ ಜಾಗ.

ಅತ್ತೆಯನ್ನು ಬಾಗಿಲ ಬಳಿಯ ಸ್ಟೂಲಿನ ಮೇಲೆ ಕೂರಿಸಿ ಅವಳು ಮಾಲೀಕರ ಎದುರು ಕೂತಳು.

‘ಯಜಮಾನ್ರು ಏನ್ಮಾಡ್ತಾರೆ?’ ಬಂತು ನೋಡಿ, ಮೊದಲನೇ ಪ್ರಶ್ನೆ.

‘ಸಾಗಣೆ ವ್ಯವಹಾರ.’

‘ಒಳ್ಳೇದು. ಸರ್ಟಿಫಿಕೇಟು ಏನಾದ್ರೂ ತಂದಿದ್ದೀರಾ?’

‘ತಂದಿದ್ದೀನಿ. ಅತ್ತೇ, ಸ್ವಲ್ಪ ಬಾಯಿ ತೆಗೀರಿ.’

ಮಾಲೀಕರು ದಂಗಾದರು. ಅತ್ತೆ ಮಾತ್ರ ಇಂಥದ್ದಕ್ಕೇ ಕಾದಿದ್ದವರಂತೆ ಎದ್ದುಬಂದು, ಸೆಟ್ ಕಳಚಿ, ಕರವಸ್ತ್ರದಲ್ಲಿ ಒರೆಸಿ, ಮೇಜಿನ ಮೇಲಿಟ್ಟರು. ಮಾಲೀಕರು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರು. ಮುಂಹಲ್ಲೊಂದನ್ನು ಬೇಕೆಂದೇ ಎಳ್ಳಷ್ಟು ವಾರೆಯಾಗಿ ಕೂರಿಸಿದ್ದಳು. ದೇವರು ಕೊಟ್ಟ ಹಲ್ಲೂ ಹಾಗೇ ಇರುವುದಲ್ಲವೇ!

‘ಎಷ್ಟು ವರ್ಷದ್ದಿದು?’

‘ಏಳು’ ಎಂದಳು ಹಲ್ಲಕ್ಕ. ‘ಹಾಕ್ಕೊಂಡು ಹೇಳಿ ಅತ್ತೆ.’

‘ಸೊಸೆ’ ಎಂದರು ಅತ್ತೆ ಸ್ಪಷ್ಟವಾಗಿ. ‘ನನ್ನ ಸೊಸೆಗೆ ಕೆಲಸ ಕೊಡಪ್ಪಾ, ಮನೇಲಿ ಕೂತು ನನ್ನ ತಲೆ ತಿಂತಾಳೆ.’

ಪ್ಲಾಸ್ಟರಣ್ಣ ಬೋಗುಣಿಯೊಳಕ್ಕೆ ನಕ್ಕ. ಮಾಲೀಕರೂ ನಕ್ಕು ಪೆನ್ನು ಎತ್ತಿಕೊಂಡರು. ‘ನಾಳೆಯಿಂದ ಬರೋಕಾಗುತ್ತಾ? ಎಷ್ಟೊತ್ತಿಗೆ ಬರ್ತೀರಿ?’

ಖುಷಿ ಎಂಬುದು ಕೆಟ್ಟದ್ದು, ಬಾಯಿಯ ಬೀಗವನ್ನು ತಾನೇ ತೆಗೆದುಬಿಡುತ್ತದೆ. ‘ಎಂಟು ಮೂವತ್ತಕ್ಕೆ ಬಂದು ಹದಿನೇಳು ಮೂವತ್ತಕ್ಕೆ ಬೆಂಚು ಒರೆಸಿ ಹೊರಡ್ತೀನಿ ಸರ್’ ಎಂದಳು.

ಪೆನ್ನು ನಿಂತಿತು. ‘ಹದಿನೇಳು ಮೂವತ್ತಾ?’

ಅತ್ತೆ ಹಣೆ ಚಚ್ಚಿಕೊಂಡರು. ಬಾಯಿಬಿಟ್ಟರೆ ಬಣ್ಣಗೇಡು. ಸಂಜೆ ಐದೂವರೆಯನ್ನು ಹದಿನೇಳು ಮೂವತ್ತು ಎನ್ನುವ ಜನ ಲೋಕದಲ್ಲಿ ಒಂದೇ ಜಾತಿಯವರು. ಹತ್ತು ವರ್ಷ ಅಂಥ ಗಡಿಯಾರದ ಜೊತೆ ಸಂಸಾರ ಮಾಡಿದವಳ ನಾಲಗೆಗೆ ಬೇರೆ ಲೆಕ್ಕವೇ ಬರುತ್ತಿರಲಿಲ್ಲ.

‘ಸಾಗಣೆ ವ್ಯವಹಾರ ಅಂದ್ರಲ್ಲ ತಾಯಿ’ ಎಂದರು ಮಾಲೀಕರು. ‘ಸೇನೆಯವರು ತಾನೇ? ಹೆಮ್ಮೆಯ ವಿಷಯ. ಆದ್ರೆ...’

ಟಕ್.

ಬೇರೆ ಊರುಗಳಲ್ಲಿ ಈ ಸದ್ದಿಗೆ ಅವಳು ನಮಸ್ಕಾರ ಹೇಳಿ ಎದ್ದುಬಂದಿದ್ದಳು. ಇವತ್ತು ಏಳಲಿಲ್ಲ. ಕುರ್ಚಿಗೆ ಅಂಟಿಕೊಂಡೇ ಕೂತಳು.

‘ಆದ್ರೆ ಏನು ಸರ್? ಪೂರ್ತಿ ಹೇಳಿ.’

‘ನೀವು ಹೋಗೋ ಜನ. ಇವತ್ತು ಇಲ್ಲಿ, ನಾಳೆ ಇನ್ನೆಲ್ಲೋ. ನಾನು ಕೆಲಸ ಕೊಟ್ಟು, ಡಾಕ್ಟ್ರುಗಳ ಪರಿಚಯ ಮಾಡಿಸಿ, ಅಷ್ಟರಲ್ಲಿ ನೀವು ಗಂಟುಮೂಟೆ ಕಟ್ಟಿದ್ರೆ?’

‘ಈ ಬೆಂಚಲ್ಲಿ ಮೊದ್ಲು ಇದ್ದೋರು ಸೇನೆಯವರಾ?’

ಮಾಲೀಕರು ಪೆನ್ನನ್ನು ಬದಿಗಿಟ್ಟರು. ಪ್ಲಾಸ್ಟರಣ್ಣ ನಡುವೆ ಬಾಯಿ ಹಾಕಿದ. ‘ಎಲ್ಲಿಯ ಸೇನೆ? ಮೂರು ವರ್ಷಕ್ಕೆ ನಾಲ್ಕು ಜನ, ನಾಲ್ಕೂ ಜನ ಇದೇ ಊರೋರೇ. ಕಡೆಯವನು ಟೀ ಕುಡಿದು ಬರ್ತೀನಿ ಅಂತ ಹೋದ. ಇನ್ನೂ ಕುಡೀತಾ ಇದ್ದಾನೆ.’

‘ನೀನು ಪ್ಲಾಸ್ಟರ್ ಕಲಸು’ ಎಂದು ಮಾಲೀಕರು ಗದರಿದರು.

‘ಅಂದ್ರೆ ಓಡಿಹೋದೋರು ಅವರು, ಬಾಗಿಲು ಮುಚ್ಚಿರೋದು ನನಗೆ’ ಎಂದಳು ಹಲ್ಲಕ್ಕ. ‘ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ ಹಾಗಾಯ್ತು.’

ಮಾಲೀಕರು ಗಲ್ಲ ತುರಿಸಿಕೊಂಡು ಖಾನೆಯಿಂದ ಒಂದು ಕಾಗದ ತೆಗೆದರು. ‘ಆಯ್ತು. ಐದು ವರ್ಷ ಬಿಟ್ಟುಹೋಗಲ್ಲ ಅಂತ ಸಹಿ ಹಾಕಿ. ನಾಳೆಯಿಂದ ಬನ್ನಿ.’

ಸಹಿ ಹಾಕಿಬಿಡು ಎಂದು ಅತ್ತೆ ಹಿಂದಿನಿಂದ ಕಣ್ಣು ಸನ್ನೆ ಮಾಡಿದರು. ಹಲ್ಲಕ್ಕ ಕಾಗದವನ್ನು ಹಿಂದಕ್ಕೆ ತಳ್ಳಿದಳು. ಒಂದು ಸುಳ್ಳು ಹೇಳಿ ಆಗಲೇ ಮಾನ ಹೋಗಿತ್ತು. ಎರಡನೆಯದಕ್ಕೆ ಮನಸ್ಸು ಬರಲಿಲ್ಲ.

‘ಹಾಕಲ್ಲ. ನಾನು ಹೋಗೋಳೇ ಸರ್. ಎರಡು ವರ್ಷಕ್ಕೋ, ಒಂದಕ್ಕೋ, ಹೋಗೇ ಹೋಗ್ತೀನಿ. ಅದನ್ನ ಇವತ್ತೇ ಮುಖಕ್ಕೆ ಮುಖ ಕೊಟ್ಟು ಹೇಳ್ತಿದ್ದೀನಿ. ಆದ್ರೆ ನಮ್ಮವರಲ್ಲಿ ಒಂದು ಕಾನೂನಿದೆ. ಬದಲಿ ಬಂದು ನಿಲ್ಲೋವರೆಗೆ ಪಹರೆ ಬಿಡೋ ಹಾಗಿಲ್ಲ. ಮಳೆ ಬರಲಿ, ಮನೇಲಿ ಮದುವೆ ಇರಲಿ, ಬಿಡೋ ಹಾಗಿಲ್ಲ. ಈ ಬೆಂಚು ನನ್ನ ಪಹರೆ ಅಂದ್ಕೊಳ್ಳಿ. ಇಲ್ಲಿ ನನ್ನಷ್ಟೇ ಚೆನ್ನಾಗಿ ಕೆಲಸ ಮಾಡೋ ಇನ್ನೊಬ್ಬರನ್ನ ಕೂರಿಸದೆ ನಾನು ಮೆಟ್ಟಿಲಿಳಿಯಲ್ಲ. ಐದು ವರ್ಷ ನಿಮಗೆ ನಾನು ಬೇಕಾ, ಕೆಲಸ ಬೇಕಾ?’

ಪೆನ್ನಿನ ಮುಚ್ಚಳ ತೆರೆಯುವ ಸದ್ದು ಎಷ್ಟು ಚೆನ್ನಾಗಿರುತ್ತದೆ ಎಂಬುದು ಹಲ್ಲಕ್ಕನಿಗೆ ಅವತ್ತೇ ಗೊತ್ತಾದದ್ದು.

‘ಮಾತು ದೊಡ್ಡದಾಯ್ತು. ನೋಡೋಣ’ ಎಂದರು ಮಾಲೀಕರು.

ಮಾರನೇ ದಿನವೇ ಹಲ್ಲಕ್ಕ ಹೊಸ ಚಾಕು ಕಾಯಿಸಿದಳು. ಎರಡು ವಾರಕ್ಕೆ ಧೂಳು ತಿನ್ನುತ್ತಿದ್ದ ಟ್ರೇಗಳು ಖಾಲಿಯಾದವು. ಮೂರು ತಿಂಗಳಿಗೆ, ನಾಲ್ಕು ಸಲ ಹಲ್ಲು ಕಟ್ಟಿಸಿ ನಾಲ್ಕು ಸಲವೂ ವಾಪಸ್ಸು ತಂದಿದ್ದ ಒಬ್ಬ ನಿವೃತ್ತ ಹೆಡ್‌ಮೇಷ್ಟ್ರು ‘ಈಗ ಹುಡುಗರನ್ನ ಬೈಯೋಕೆ ಬರುತ್ತೆ’ ಎಂದು ಬಂದು ಕೈ ಮುಗಿದು ಹೋದರು. ಮಾಲೀಕರು ಹೊಗಳುವ ಪೈಕಿ ಅಲ್ಲ. ಆದರೆ ಕಷ್ಟದ ಬಾಯಿ ಯಾವುದೇ ಬಂದರೂ ‘ಕಿಟಕಿ ಬೆಂಚಿಗೆ ಕೊಡು’ ಎನ್ನತೊಡಗಿದರು. ಅದೂ ಹೊಗಳಿಕೆಯೇ ತಾನೇ!

ಕೊಟ್ಟ ಮಾತನ್ನು ಅವಳು ಮರೆತಿರಲಿಲ್ಲ. ಕ್ವಾರ್ಟರ್ಸಿನ ಹಿಂದಿನ ಸಾಲಿನಲ್ಲಿ ಹೊಸದಾಗಿ ಮದುವೆಯಾಗಿ ಬಂದವಳೊಬ್ಬಳಿದ್ದಳು, ಗಡಿಯಾರ ರಿಪೇರಿಯವರ ಮಗಳು. ಎಲ್ಲರೂ ಅವಳನ್ನು ಗಡಿಯಾರದ ಹುಡುಗಿ ಅನ್ನುತ್ತಿದ್ದರು. ಚಿಮಟ ಹಿಡಿದರೆ ಅವಳ ಕೈ ಅಲುಗುತ್ತಿರಲಿಲ್ಲ. ಊರಿನ ನಾಲ್ಕು ಅಂಗಡಿಗಳಲ್ಲಿ ‘ಹೆಮ್ಮೆಯ ವಿಷಯ’ ಕೇಳಿಸಿಕೊಂಡು ಬಂದು ಮನೆಯ ಮೆಟ್ಟಿಲ ಮೇಲೆ ಅಳುತ್ತಾ ಕೂತಿದ್ದಳು. ಹಲ್ಲಕ್ಕ ಅವಳನ್ನು ಎಳೆದುಕೊಂಡೇ ಲ್ಯಾಬಿಗೆ ಬಂದಳು.

‘ಇವಳೂ ಅದೇ ಗುಂಪಾ?’ ಎಂದರು ಮಾಲೀಕರು.

‘ಅದೇ ಗುಂಪು. ಅರ್ಧ ದಿನ ಬರ್ತಾಳೆ, ಸಂಬಳ ಕೊಡಿ, ಕಲಿಸೋದು ನನಗಿರಲಿ.’

ಮೇಣ ಕರಗಿಸುವುದು, ದಿಂಡು ಕಟ್ಟುವುದು, ದವಡೆ ಹಲ್ಲು ಕೂರಿಸುವುದು ಒಂದೊಂದಾಗಿ ಹುಡುಗಿಯ ಕೈಗೆ ಬಂದವು. ಬಾರದೆ ಉಳಿದದ್ದು ಮುಂಹಲ್ಲೊಂದೇ. ಗಡಿಯಾರದ ಕೈಯಲ್ಲವೇ, ಎಲ್ಲವನ್ನೂ ಗೆರೆ ಹೊಡೆದಂತೆ ಜೋಡಿಸುತ್ತಿದ್ದಳು.

ಹೀಗಿರುವಾಗ ಹದಿನಾಲ್ಕನೇ ತಿಂಗಳಿಗೆ ವರ್ಗದ ಆದೇಶ ಬಂತು. ಎರಡು ವರ್ಷ ಎಂದವರು ಎರಡು ವರ್ಷವನ್ನೂ ಕೊಡಲಿಲ್ಲ. ಹತ್ತು ದಿನದಲ್ಲಿ ಹೊರಡಬೇಕು, ಕ್ವಾರ್ಟರ್ಸ್ ಖಾಲಿ ಮಾಡಬೇಕು. ಗಂಡ ಕಾಗದ ಹಿಡಿದು ಬಂದಾಗ ಹಲ್ಲಕ್ಕ ಪಾತ್ರೆ ಒರೆಸುತ್ತಿದ್ದಳು.

‘ನಾನು ಈಗ್ಲೇ ಬರಲ್ಲ ರೀ.’

‘ಬರಲ್ಲ ಅಂದ್ರೆ? ಆರ್ಡರ್ ಕಣೇ ಇದು!’

‘ಕೊಡಿ ಇಲ್ಲಿ.’ ಕೈ ಒರೆಸಿಕೊಂಡು ಕಾಗದವನ್ನು ಮೇಲಿನಿಂದ ಕೆಳಗಿನವರೆಗೆ ಓದಿದಳು. ‘ಇದರಲ್ಲಿ ನನ್ನ ಹೆಸರು ಎಲ್ಲಿದೆ, ತೋರಿಸಿ.’

ಗಂಡ ಕೆಟ್ಟವನೇನಲ್ಲ. ಹತ್ತು ವರ್ಷ ಅವಳು ಒಂದು ಮಾತೂ ಆಡದೆ ಟ್ರಂಕು ಕಟ್ಟಿದ್ದನ್ನು ನೋಡಿ ನೋಡಿ, ಅವಳಿಗೆ ಆಡಲು ಮಾತೇ ಇಲ್ಲ ಎಂದುಕೊಂಡಿದ್ದ, ಅಷ್ಟೇ. ‘ಜನ ಏನಂತಾರೆ?’ ಎಂದ. ಆಮೇಲೆ ‘ನನ್ನ ಊಟ?’ ಎಂದ. ಆಮೇಲೆ ಅವನಿಗೇ ನಾಚಿಕೆಯಾಯಿತು.

‘ನಿಮ್ಮನ್ನೊಂದು ಮಾತು ಕೇಳ್ತೀನಿ. ಬದಲಿಯವನು ಬಂದಿಲ್ಲ. ನೀವು ಪಹರೆ ಬಿಟ್ಟು ಮನೆಗೆ ಬರ್ತೀರಾ?’

‘ಅದೆಂಥ ಮಾತು! ಬಿಟ್ಟು ಬಂದ್ರೆ ಮುಖ ತೋರಿಸೋಕಾಗುತ್ತಾ?’

‘ನನಗೂ ಆಗಲ್ಲ. ಆ ಹುಡುಗಿ ಇನ್ನೂ ಒಂದು ಸೆಟ್ ಪೂರ್ತಿ ಒಬ್ಬಳೇ ಕಟ್ಟಿಲ್ಲ. ಕಟ್ಟಿದ ದಿನ ಹೊರಡ್ತೀನಿ.’

ಅವನು ಅಮ್ಮನ ಕಡೆ ತಿರುಗಿದ. ‘ನೀನಾದ್ರೂ ಹೇಳಮ್ಮಾ.’

‘ನಾನೇನು ಹೇಳಲಿ? ನಿಮ್ಮಪ್ಪ ಎಂಟು ಊರು ತಿರುಗಿಸಿದರು, ಎಂಟರಲ್ಲೂ ನಾನು ಬಾಯಿ ಮುಚ್ಕೊಂಡು ಹೋದೆ. ಆಗ ನನ್ನ ಬಾಯಿ ತುಂಬ ಹಲ್ಲಿತ್ತು, ಮಾತಾಡೋ ಧೈರ್ಯ ಇರಲಿಲ್ಲ. ಈಗ ಧೈರ್ಯ ಇದೆ, ಹಲ್ಲು ಇವಳು ಕಟ್ಟಿದ್ದು. ನಾನೂ ಇಲ್ಲೇ ಇರ್ತೀನಿ. ನೀನು ಅನ್ನ ಬೇಯಿಸೋದು ಕಲಿ.’

ಹಲ್ಲಕ್ಕ ಸರಕ್ಕನೆ ಅತ್ತೆಯ ಮುಖ ನೋಡಿದಳು. ಅವಳ ಕಣ್ಣು ತುಂಬಿತು. ಅತ್ತೆ ‘ಸೋರೋ ನಲ್ಲಿ ನಿಲ್ಲಿಸು ಹೋಗು’ ಎಂದು ಗದರಿ ಆಚೆ ಹೋದರು.

ಲ್ಯಾಬಿನಲ್ಲಿ ಸುದ್ದಿ ಹೇಳಿದಾಗ ಮಾಲೀಕರ ಮುಖದಲ್ಲಿ, ‘ನಾನು ಅವತ್ತೇ ಹೇಳಿದ್ದೆ’ ಎನ್ನುವವರಿಗೆ ಬರುವ ಆ ಹಾಳು ನಗೆ ಬಂತು. ‘ಹದಿನಾಲ್ಕು ತಿಂಗಳು! ಗುರುವಾರ ಹೊರಡ್ತೀರಾ, ಶುಕ್ರವಾರವಾ?’

‘ನನ್ನ ಗಂಡ ಗುರುವಾರ ಹೊರಡ್ತಾರೆ. ನಾನು ಬದಲಿ ಬಂದ ದಿನ.’

ಆ ನಗೆ ಅಲ್ಲೇ ಒಣಗಿತು.

ಗುರುವಾರ ಲಾರಿ ಹೋಯಿತು. ಅತ್ತೆ ಸೊಸೆ ಎರಡು ಚಾಪೆ, ಒಂದು ಸ್ಟೌ ಇಟ್ಟುಕೊಂಡು ಲ್ಯಾಬಿನ ಓಣಿಯಲ್ಲೇ ಒಂದು ಕೋಣೆ ಹಿಡಿದರು. ಕಿಟಕಿ ತೆಗೆದರೆ ಎದುರುಗೋಡೆ ಕೈಗೆ ಸಿಗುತ್ತಿತ್ತು. ‘ಇದೇನು ಮನೆಯಾ, ಕಡ್ಡಿಪೆಟ್ಟಿಗೆಯಾ?’ ಎಂದು ಅತ್ತೆ ದಿನಕ್ಕೆ ಹತ್ತು ಸಲ ಬೈದರು. ಆದರೆ ಮಗ ಫೋನ್ ಮಾಡಿದಾಗ ಮಾತ್ರ ‘ಅರಮನೆ ಕಣೋ’ ಎನ್ನುತ್ತಿದ್ದರು.

ಹುಡುಗಿಗೆ ಪರೀಕ್ಷೆಗೆಂದು ಬಾಯಿ ಕೊಟ್ಟವರೂ ಅತ್ತೆಯೇ. ಹಳೆಯ ಸೆಟ್ ಎಂಟು ವರ್ಷಕ್ಕೆ ಸವೆದಿತ್ತು. ದಂತವೈದ್ಯರು ಹೊಸದಾಗಿ ಅಚ್ಚು ತೆಗೆದುಕೊಟ್ಟರು. ಹಲ್ಲಕ್ಕ ಕೈ ಕಟ್ಟಿಕೊಂಡು ಪಕ್ಕದಲ್ಲಿ ನಿಂತಳು, ಒಂದು ಹಲ್ಲನ್ನೂ ಮುಟ್ಟಲಿಲ್ಲ. ಎರಡನೇ ವಾರ ಮೇಣದ ಸೆಟ್ ಸಿದ್ಧವಾಯಿತು. ಗೋಡೆಗೆ ಇಟ್ಟಿಗೆ ಜೋಡಿಸಿದಂತೆ ಒಂದೇ ಸಾಲು, ಒಂದೇ ಎತ್ತರ. ಎಲ್ಲರೂ ಅತ್ತೆಯ ಸುತ್ತ ನೆರೆದರು.

‘ಶೊಶೆ’ ಎಂದರು ಅತ್ತೆ.

ಹುಡುಗಿ ಮುಖ ಮುಚ್ಚಿಕೊಂಡಳು. ‘ನನ್ನ ಕೈಲಾಗಲ್ಲ ಅಕ್ಕ. ನೀವೇ ಸರಿ ಮಾಡಿಬಿಡಿ. ನಿಮ್ಮ ಯಜಮಾನ್ರು ಕಾಯ್ತಿದ್ದಾರೆ.’

ಮಾಲೀಕರೂ ಕೆಮ್ಮಿದರು. ‘ಹೌದು ತಾಯಿ. ಸಾಕು. ನೀವು ಆಡಿದ ಮಾತಿಗೆ ಇಷ್ಟು ದಿನ ನಿಂತ್ರಲ್ಲ, ಅದೇ ದೊಡ್ಡದು. ನಾನು ಹೇಗೋ ನೋಡ್ಕೋತೀನಿ.’

ಹಲ್ಲಕ್ಕನಿಗೂ ಆ ಗಳಿಗೆಯಲ್ಲಿ ಆಸೆಯಾಯಿತು. ಚಾಕು ಎತ್ತಿ ಎರಡು ಹಲ್ಲು ಒತ್ತಿದರೆ ಐದು ನಿಮಿಷದ ಕೆಲಸ, ಸಂಜೆಯ ಬಸ್ಸಿಗೇ ಹೋಗಬಹುದು. ಫೋನಿನಲ್ಲಿ ಗಂಡನ ಸ್ವರ ಸೋತುಹೋಗಿತ್ತು. ಅವಳಿಗೂ ಅವನನ್ನು ನೋಡಬೇಕೆನಿಸಿತ್ತು. ಕೈ ಮುಂದೆ ಹೋಯಿತು. ಹೋದ ಕೈಯಿಂದ ಚಾಕು ಎತ್ತಿ ಹುಡುಗಿಯ ಕೈಗೇ ಕೊಟ್ಟಳು.

‘ನಾನು ಮಾಡಿದ್ರೆ ಅದು ನನ್ನ ಸೆಟ್ಟಾಗುತ್ತೆ. ನಾಳೆ ಇವರು ನಿನಗೂ ನಮಸ್ಕಾರ ಹಾಕಿ ಕಳಿಸ್ತಾರೆ. ಆಮೇಲೆ ಇನ್ಯಾವಳಾದ್ರೂ ಈ ಮೆಟ್ಟಿಲು ಹತ್ತಿದ್ರೆ, ಮಿಲಿಟರಿಯೋರು ಹಾಗೇ ಬಿಡಮ್ಮಾ ಅಂತಾರೆ. ಕೂರು. ಗೆರೆ ಮರೆತುಬಿಡು. ಕಣ್ಣು ಮುಚ್ಚಿ ಬೆರಳಾಡಿಸು, ಅತ್ತೆ ಸೊಸೆ ಸೊಸೆ ಅಂತಾ ಇರ್ತಾರೆ, ಕೇಳಿಸ್ಕೊಂಡು ಕೂರಿಸು.’

‘ನಲವತ್ತು ಸಲ ಆಗಲೇ ಅಂದಿದ್ದೀನಿ, ಇನ್ನೊಂದು ನಲವತ್ತು’ ಎಂದು ಅತ್ತೆ ಸ್ಟೂಲನ್ನು ಬೆಂಚಿನ ಹತ್ತಿರಕ್ಕೆ ಎಳೆದುಕೊಂಡರು.

ಶೊಶೆ, ಶೊಶೆ, ಸ್ಶೊಸೆ. ಆ ಓಣಿಗೆಲ್ಲ ನಾಲ್ಕು ವಾರ ಅದೇ ಸುಪ್ರಭಾತ. ಕೆಳಗಿನ ಕನ್ನಡಕದಂಗಡಿಯವನು ‘ಸೊಸೆ ಸಿಕ್ಕಿದಳಾ?’ ಎಂದು ಮೇಲೆ ಬಂದು ವಿಚಾರಿಸಿ ಹೋದ. ಹುಡುಗಿ ಮೇಣ ಕರಗಿಸಿದಳು, ಕಿತ್ತಳು, ಅತ್ತಳು, ಮತ್ತೆ ಕೂರಿಸಿದಳು. ಆರನೇ ವಾರದ ಶನಿವಾರ ಮಧ್ಯಾಹ್ನ, ಯಾರೂ ಹೇಳದೆಯೇ, ಮುಂಹಲ್ಲೊಂದನ್ನು ಎಳ್ಳಷ್ಟು ವಾರೆ ಮಾಡಿ ಹಿಂದಕ್ಕೆ ಒತ್ತಿದಳು. ಹಲ್ಲಕ್ಕ ನೋಡಿದಳು. ಸೆಟ್ ಎತ್ತಿ ಅತ್ತೆಯ ಕೈಗೆ ಕೊಟ್ಟಳು.

ಅತ್ತೆ ಹಾಕಿಕೊಂಡರು. ನಾಲಗೆಯಿಂದ ಒಂದು ಸಲ ತಡವಿ ನೋಡಿದರು.

‘ಸೊಸೆ.’

ಪ್ಲಾಸ್ಟರಣ್ಣನ ಕೈಯಲ್ಲಿದ್ದ ಬೋಗುಣಿ ಅಲ್ಲೇ ನಿಂತಿತು.

‘ಸೊಸೆ. ಸಾಸಿವೆ. ಸಾವಿರ ಸಲ ಹೇಳಿದ್ರೂ ಸೋಲದ ಸೊಸೆ ಇವಳು, ನನ್ನ ಸೊಸೆ’ ಎಂದರು ಅತ್ತೆ. ಒಂದು ‘ಸ’ ಕೂಡ ಜಾರಲಿಲ್ಲ. ಹುಡುಗಿ ಹಲ್ಲಕ್ಕನ ಕುತ್ತಿಗೆಗೆ ಜೋತುಬಿದ್ದಳು.

ಕ್ವಾರ್ಟರ್ಸ್ ಬಿಡುವಾಗ ಮೊಳೆ ಬಲ್ಬು ಸಮೇತ ಬರೆದು ವಹಿಸಿಕೊಡುವುದು ಸೇನೆಯವರ ಪದ್ಧತಿ. ಸೆಟ್ ಗಟ್ಟಿಯಾಗಿ ಅತ್ತೆಯ ಬಾಯಲ್ಲಿ ಕೂತ ದಿನ ಹಲ್ಲಕ್ಕ ಬೆಂಚಿಗೂ ಅದನ್ನೇ ಮಾಡಿದಳು. ದೀಪ ಒಂದು, ಚಾಕು ಮೂರು, ಅರ್ಧ ಆಗಿರುವ ಬಾಯಿಗಳು ಐದು, ಯಾವ ಡಾಕ್ಟರಿಗೆ ಯಾವಾಗ ಸಿಟ್ಟು ಬರುತ್ತದೆ ಎಂಬುದು ಒಂದು ಪುಟ. ವಹಿಸಿಕೊಟ್ಟವರು ಎಂದಿದ್ದಲ್ಲಿ ಅವಳು ಸಹಿ ಹಾಕಿದಳು, ವಹಿಸಿಕೊಂಡವರು ಎಂದಿದ್ದಲ್ಲಿ ಹುಡುಗಿ. ಸಾಕ್ಷಿಗೆ ಕಾಗದವನ್ನು ಹಲ್ಲಕ್ಕ ಮಾಲೀಕರ ಮುಂದೆ ಹಿಡಿದಳು.

‘ಇವಳೂ ಒಂದು ದಿನ ಹೋಗ್ತಾಳೆ’ ಎಂದರು ಅವರು, ಪೆನ್ನು ಹುಡುಕುತ್ತಾ.

‘ಹೋಗ್ತಾಳೆ. ಇನ್ನೊಬ್ಬಳನ್ನ ಕೂರಿಸಿ ಹೋಗ್ತಾಳೆ. ಹಿಂದಿನ ಸಾಲಲ್ಲಿ ಈಗಾಗ್ಲೇ ಒಬ್ಬಳನ್ನ ನೋಡಿಟ್ಟಿದ್ದಾಳೆ.’

ಮಾಲೀಕರು ಕಾಗದವನ್ನು ಬಹಳ ಹೊತ್ತು ನೋಡಿದರು. ‘ನೀವು ಹೋಗೋ ಜನ ಅಂತ ಗೊತ್ತಿತ್ತು’ ಎಂದರು. ‘ಹೀಗೆ ಹೋಗ್ತೀರಿ ಅಂತ ಗೊತ್ತಿರಲಿಲ್ಲ.’ ಸಹಿ ಹಾಕಿ, ತಲೆಯೆತ್ತಿ ಗೋಡೆ ಗಡಿಯಾರ ನೋಡಿ, ಬರೆಯುತ್ತಾ ಬಾಯಲ್ಲೂ ಹೇಳಿಕೊಂಡರು. ‘ಸಮಯ... ಹದಿನೇಳು ಮೂವತ್ತು.’

ಹೇಳಿದ ಮೇಲೆ ತಾವೇ ಬೆಪ್ಪಾದರು. ಪ್ಲಾಸ್ಟರಣ್ಣ ಈ ಸಲ ಬೋಗುಣಿಯೊಳಕ್ಕೆ ನಗಲಿಲ್ಲ, ಬಾಯಿತುಂಬ ನಕ್ಕ.

ಹಲ್ಲಕ್ಕ ಬೆಂಚು ಒರೆಸಿದಳು. ತನ್ನ ಚಾಕುವನ್ನು ಬಟ್ಟೆಯಲ್ಲಿ ಸುತ್ತಿದಳು. ಈ ಸಲ ಅದನ್ನು ಟ್ರಂಕಿಗೆ ಹಾಕುವುದಿಲ್ಲ ಎಂದುಕೊಂಡು ಕೈಚೀಲದಲ್ಲೇ ಇಟ್ಟಳು, ವಹಿಸಿಕೊಟ್ಟ ಕಾಗದದ ನಕಲಿನ ಜೊತೆಗೆ. ಏಳನೇ ಊರಿನಲ್ಲಿ ಸಾಗಣೆ ವ್ಯವಹಾರ ಗೀಗೆ ಎಲ್ಲ ಇಲ್ಲ. ಕೂತ ಕೂಡಲೇ ಗಂಡ ಸೇನೆಯಲ್ಲಿ ಎಂದೇ ಶುರುಮಾಡುವುದು.

‘ನಡಿ ಸೊಸೆ’ ಎಂದರು ಅತ್ತೆ ಮೆಟ್ಟಿಲಿಳಿಯುತ್ತಾ. ‘ಅಲ್ಲಿ ಪೆನ್ನಿನ ಮುಚ್ಚಳ ಹಾಕೋನು ಯಾವನಿದ್ದಾನೋ ನೋಡೇಬಿಡೋಣ. ನನ್ನ ಹಲ್ಲೂ ಹೊಸದಿದೆ.’